ಹೆಸರು ಕೂಗದ ಹಂಚು

ನನ್ನ ಗಂಟಲು ದೊಡ್ಡದು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಮದುವೆಯಾಗಿ ಬಂದ ವಾರದೊಳಗೆ ಊರೇ ಹೇಳಿತು. ಗದ್ದೆಯ ಆ ತುದಿಯಲ್ಲಿ ಮೇಯುತ್ತಿದ್ದ ಎಮ್ಮೆಯನ್ನು ಹಿತ್ತಲಲ್ಲಿ ನಿಂತೇ ಕರೆದೆನೆಂದು, 'ಸೊಸೆ ತಂದ್ಯೋ, ಕಹಳೆ ತಂದ್ಯೋ' ಎಂದು ನನ್ನ ಮಾವನನ್ನು ರೇಗಿಸಿದರಂತೆ. ಮಾವನಿಗೆ ಮಾತ್ರ ಖುಷಿಯೋ ಖುಷಿ. ಅವರು ಸುತ್ತಮುತ್ತಲಿನ ಮದುವೆಗಳಲ್ಲಿ ಮುಯ್ಯಿ ಕೂಗುವವರು, ಅವರ ದನಿ ಆಗಲೇ ಕೂತುಹೋಗುತ್ತಾ ಬಂದಿತ್ತು.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದ ನಮ್ಮ ಜನ ಆ ಪದ್ಧತಿಯನ್ನೂ ಗಂಟುಮೂಟೆಯ ಜೊತೆಗೇ ತಂದಿದ್ದರು. ಮದುವೆಗೆ ಯಾರು ಏನು ಕೊಟ್ಟರೂ ಚಪ್ಪರದಲ್ಲಿ ಎದ್ದು ನಿಂತು ಕೊನೆಯ ಸಾಲಿನವರಿಗೂ ಕೇಳುವಂತೆ ಕೂಗಬೇಕು. ಇಂಥ ಮನೆಯವರಿಂದ ಒಂದು ಸೀರೆ, ಇಂಥವರಿಂದ ಎರಡು ರೂಪಾಯಿ. ಅದು ಹೊಸ ಮುಯ್ಯಿಯೋ, ಹಿಂದೆ ಪಡೆದದ್ದನ್ನು ತೀರಿಸುತ್ತಿರುವುದೋ ಎಂಬುದನ್ನೂ ಹೇಳಬೇಕು. ಇವತ್ತು ಕೈಯೊಡ್ಡಿದವರು ನಾಳೆ ವಾಪಸು ಕೊಡಲೇಬೇಕು, ಅದಕ್ಕೆ ಇಡೀ ಚಪ್ಪರವೇ ಸಾಕ್ಷಿ. ಕೊನೆಕೊನೆಗೆ ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟುವುದು, ನಾನು ಕೂಗುವುದು ಎಂದಾಯಿತು. ಹೆಂಗಸು ಕೂಗುವುದುಂಟೇ ಎಂದು ಮೊದಮೊದಲು ಮೂಗು ಮುರಿದವರು ಆಮೇಲೆ ತಮ್ಮ ಮನೆ ಮದುವೆಗೆ ನನ್ನನ್ನೇ ಕರೆದರು.

ಆಗ ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯ. ಮಡಿಕೇರಿಯಲ್ಲೇ ಶಾಸನಸಭೆ, ಮಡಿಕೇರಿಯಲ್ಲೇ ಮಂತ್ರಿಗಳು. ನಮ್ಮ ಹೊಳೆ ದಾಟಿದರೆ ಮೈಸೂರು. ಗಂಡಸರು ಸಂತೆಯಲ್ಲಿ ಕೂತು, ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಕಿತ್ತಾಡುತ್ತಿದ್ದರು. ನನ್ನ ಚಿಂತೆ ಬೇರೆ ಇತ್ತು. ನಮ್ಮೂರಿಗೂ ಪೇಟೆಗೂ ನಡುವೆ ಒಂದು ಕಾಫಿ ಎಸ್ಟೇಟು. ಅದರೊಳಗಿನ ಕಾಲುದಾರಿಯಲ್ಲಿ ನಾನು ಬೆಳಗಾಗೆದ್ದು ಹಾಲಿನ ಬಿಂದಿಗೆ ಹೊತ್ತು ಪೇಟೆಯ ಹೋಟೆಲಿಗೆ ಹೋಗುತ್ತಿದ್ದೆ. ಬಿಳಿ ದೊರೆ ಇದ್ದಷ್ಟು ಕಾಲ ಆ ದಾರಿಯಲ್ಲಿ ಯಾರನ್ನೂ ಯಾರೂ ತಡೆದಿರಲಿಲ್ಲ. ದೊರೆ ಎಸ್ಟೇಟು ಮಾರಿ ಊರು ಬಿಟ್ಟ. ಕೊಂಡವನು ನಮ್ಮ ಹಾಸನದ ಕಡೆಯವನೇ, ನಮ್ಮವನೇ ಎಂದು ನಾವು ಹಿಗ್ಗಿದೆವು. ನಮ್ಮವನು ಮಾಡಿದ ಮೊದಲ ಕೆಲಸ, ದಾರಿಗೆ ಗೇಟು ಹಾಕಿ ಬೀಗ ಜಡಿದದ್ದು.

ಬಳಸು ದಾರಿಯಲ್ಲಿ ಹೋದರೆ ಪೇಟೆ ಸೇರುವಷ್ಟರಲ್ಲಿ ಬಿಸಿಲೇರುತ್ತಿತ್ತು. ಬೇಸಿಗೆಯಲ್ಲಿ ಹಾಲು ಒಡೆಯುತ್ತಿತ್ತು. ಹೋಟೆಲಿನವರು ಎಷ್ಟು ದಿನ ಸಹಿಸಿಯಾರು? 'ಹೊತ್ತಿಗೆ ಸರಿಯಾಗಿ ತಂದ್ರೆ ತಾ, ಇಲ್ದಿದ್ರೆ ಬ್ಯಾಡ ಕಣಮ್ಮ' ಎಂದುಬಿಟ್ಟರು. ನಮ್ಮ ಮನೆಯಲ್ಲಿ ಉಪ್ಪು, ಎಣ್ಣೆ, ಬಟ್ಟೆ ಎಲ್ಲ ಬರುತ್ತಿದ್ದುದು ಆ ಹಾಲಿನಿಂದಲೇ. ತರಕಾರಿ ಮಾರುವವರದು, ಶಾಲೆಗೆ ಹೋಗುವ ಮಕ್ಕಳದು, ಎಲ್ಲರದೂ ಇದೇ ಪಾಡು. ಹಾಗೆ ಹುಟ್ಟಿದ್ದು ನಮ್ಮ ದಾರಿ ಸಂಘ. ಅಕ್ಕಿ ಗಿರಣಿಯ ಯಜಮಾನರು ಅಧ್ಯಕ್ಷರಾದರು. ಓದುಬರಹ ಬಲ್ಲವರು, ಮಡಿಕೇರಿಯ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದವರು. ಮನೆಮನೆಯಿಂದ ಅಕ್ಕಿ ಎತ್ತಿ, ಅದನ್ನು ಮಾರಿ ಖರ್ಚು ನಡೆಸುವುದೆಂದು ಮಾತಾಯಿತು. ಮೊದಲ ಸಭೆಯಲ್ಲೇ ಮಾವ ಎದ್ದು ಹೇಳಿದರು:

'ಯಾರ್ ಏನ್ ಕೊಟ್ರೂ ಮುಯ್ಯಿ ಕೂಗ್ದಂಗೆ ಸಭೇಲಿ ಕೂಗ್ಬೇಕು. ಕೊಟ್ಟೋರ್ಗೂ ಗೊತ್ತಿರ್ಲಿ, ಇಸ್ಕೊಂಡೋರ್ಗೂ ಗೊತ್ತಿರ್ಲಿ.'

ಎಲ್ಲರೂ ಹೂಂ ಎಂದರು, ಅಧ್ಯಕ್ಷರೂ ಹೂಂ ಎಂದರು. ಕೂಗುವ ಕೆಲಸ ನನ್ನ ತಲೆಗೆ ಬಂತು.

ಸಭೆಗೆಂದು ಊರವರೇ ಸೇರಿ ಒಂದು ಮಣ್ಣು ಗೋಡೆಯ ಕೊಟ್ಟಿಗೆ ಎಬ್ಬಿಸಿದೆವು. ಅದನ್ನು ಕಟ್ಟಡ ಎಂದು ಕರೆಯುತ್ತಿದ್ದೆವು, ಜಂಬಕ್ಕೇನು ಕಮ್ಮಿ! ಹುಲ್ಲಿನ ಮಾಡು ಮೊದಲ ಮಳೆಗೇ ಸೋರಿತು. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ದಿನ ನೋಡುತ್ತೇವೆ, ಗಾಡಿ ಗಾಡಿ ಮಂಗಳೂರು ಹಂಚು ಬಂದು ಬಿದ್ದಿದೆ. ಕೆಂಪು ಕೆಂಪಗೆ, ಒಂದೂ ಒಡೆದಿಲ್ಲ. ಹೊದಿಸಲು ಆಳುಗಳೂ ಬಂದರು. ಆ ತಿಂಗಳ ಸಭೆಯಲ್ಲಿ ನಾನು ಎಲ್ಲರ ಅಕ್ಕಿಯನ್ನೂ ಕೂಗಿ ಮುಗಿಸಿದಾಗ ಅಧ್ಯಕ್ಷರು ಹತ್ತಿರ ಬಂದು ಮೆಲ್ಲಗೆ ಹೇಳಿದರು:

'ಹಿತೈಷಿಗಳೊಬ್ಬರಿಂದ ಮಾಡಿನ ಹಂಚು ಅಂತ ಕೂಗಮ್ಮ.'

'ಯಾವ ಮನೆಯೋರು?'

'ಹೆಸರು ಬೇಡ ಅಂದಿದಾರೆ. ದೊಡ್ಡ ಮನಸ್ಸು.'

'ಹೆಸರಿಲ್ದಿದ್ದನ್ನ ನಾನು ಕೂಗಲ್ಲ ಯಜಮಾನ್ರೆ. ನಾಳೆ ಯಾರಿಗೆ ತೀರಿಸೋದು?'

'ಇದು ಸಂಘ ಕಣಮ್ಮ, ಮದುವೆ ಮನೆ ಅಲ್ಲ!'

ಅಷ್ಟು ಹೊತ್ತು ಪಿಸುಗುಟ್ಟುತ್ತಿದ್ದವರು ಇದನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಹೇಳಿದರು. ಸಭೆ ನಕ್ಕಿತು. ಗುಪ್ತದಾನ ಎಂದರೆ ಎಷ್ಟು ಪುಣ್ಯ, ಇವಳಿಗೇನು ಕೆಟ್ಟ ಕುತೂಹಲ ಎಂದರು. ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ನಾನು ಕೂಗಲಿಲ್ಲ. ಅಧ್ಯಕ್ಷರು ತಾವೇ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಿತೈಷಿಗಳಿಗೆ ವಂದನೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ತಿಂಗಳಿಂದ ಕೂಗುವ ಕೆಲಸವೂ ನನಗಿರಲಿಲ್ಲ, ಕೂಗುವುದೇ ನಿಂತುಹೋಯಿತು. ಲೆಕ್ಕವೆಲ್ಲ ಅಧ್ಯಕ್ಷರ ಮನೆಯಲ್ಲೇ ಸರಿಯಾಗಿದೆ, ಸುಮ್ಮನೆ ಯಾಕೆ ಹೊತ್ತು ಹಾಳು ಎಂದರು.

ಮನೆಯಲ್ಲಿ ಗಂಡನ ಮೇಲೆ ಹರಿಹಾಯ್ದೆ. 'ನೀವಾದ್ರೂ ಒಂದು ಮಾತಾಡ್ಬಾರ್ದಿತ್ತಾ? ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ?' ಅವರು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದರು. ಸಿಟ್ಟು ಬಂದಾಗಲೆಲ್ಲ ಅವರು ಹಾಗೇ, ಎಮ್ಮೆಗೆ ಹುಲ್ಲು. ನಮ್ಮ ಎಮ್ಮೆ ಆ ವರ್ಷ ಚೆನ್ನಾಗಿ ದಪ್ಪಗಾಯಿತು.

ಆ ಮಳೆಗಾಲ ಸಂಘ ಬೆಚ್ಚಗೆ ಕೂತಿತು, ದಾರಿ ಮಾತ್ರ ಹಿಂದೆ ಹಿಂದೆ ಸರಿಯಿತು. ಮಡಿಕೇರಿಗೆ ಅರ್ಜಿ ಮಳೆ ನಿಂತ ಮೇಲೆ ಕೊಡೋಣ ಎಂದರು. ಮಳೆ ನಿಂತಾಗ ಕಾಫಿ ಕುಯ್ಲಿನ ಕಾಲ, ಈಗ ಬೇಡ ಎಂದರು. ಅರ್ಜಿಯಲ್ಲಿ 'ನಮ್ಮ ಹಕ್ಕಿನ ದಾರಿ' ಎಂದಿದ್ದುದು 'ಕೃಪೆಯಿಟ್ಟು ದಯಪಾಲಿಸಬೇಕಾದ ದಾರಿ' ಎಂದಾಯಿತು. ಕೊನೆಗೆ, ದಾರಿಯ ಬದಲು ಊರಿಗೊಂದು ಬಾವಿ ಕೇಳಿದರೆ ಹೇಗೆ ಎಂಬಲ್ಲಿಗೆ ಬಂತು. ನಾನು ಸಭೆಯಲ್ಲಿ ಕೇಳಿಯೇ ಬಿಟ್ಟೆ, 'ಬಾವೀಲಿ ಇಳ್ದು ಪೇಟೆಗೆ ಹೋಗಾದಾ?' ಆಗಲೂ ನಕ್ಕರು, ಆದರೆ ಸ್ವಲ್ಪ ಕಮ್ಮಿ ನಕ್ಕರು.

ಮರು ಬೇಸಿಗೆಯಲ್ಲಿ ಎಸ್ಟೇಟಿನ ಧಣಿಯ ಮಗಳ ಮದುವೆ. ಬಂಗಲೆಯ ಅಂಗಳದಲ್ಲಿ ಚಪ್ಪರ. ಊರಿಗೆ ಊರನ್ನೇ ಕರೆದಿದ್ದರು, ಅವತ್ತೊಂದು ದಿನ ಗೇಟು ಹಾರು ಹೊಡೆದಿತ್ತು. ನಾನು ಹೋಗಲ್ಲ ಎಂದೆ. 'ನಮ್ಮ ದಾರೀಲಿ ಒಂದ್ಸಲನಾದ್ರೂ ನಡ್ಕೊಂಡ್ ಬರಾನ ಬಾರವ್ವ' ಎಂದು ಮಾವನೇ ಎಬ್ಬಿಸಿಕೊಂಡು ಹೋದರು. ಮುಯ್ಯಿ ಕೂಗಲು ಹಾಸನದ ಕಡೆಯಿಂದಲೇ ಒಬ್ಬರನ್ನು ಕರೆಸಿದ್ದರು. ನಮ್ಮ ಅಧ್ಯಕ್ಷರು ಹೋಗಿ ತಟ್ಟೆಯಲ್ಲಿ ಒಂದು ಬೆಳ್ಳಿ ಬಟ್ಟಲಿಟ್ಟರು. ಕೂಗುವವರು ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದರು, ಹೊಸದೋ, ತೀರಿಸೋದೋ ಎಂದು.

ನಮ್ಮವರು ಬೇರೆ ಯಾವುದರಲ್ಲಿ ಬೇಕಾದರೂ ಸುಳ್ಳು ಹೇಳಿಯಾರು, ಮುಯ್ಯಿಯ ವಿಷಯದಲ್ಲಿ ನಾಲಿಗೆ ಹೊರಳುವುದಿಲ್ಲ. ತೀರಿಸುವ ಮುಯ್ಯಿಯನ್ನು ಹೊಸದು ಎಂದರೆ ಅದು ತೀರಿದಂತಾಗುವುದೇ ಇಲ್ಲ. ಅಧ್ಯಕ್ಷರು ಒಂದು ಗಳಿಗೆ ತಡವರಿಸಿದರು. ಆಮೇಲೆ ಅಭ್ಯಾಸಬಲವೇ ಗೆದ್ದಿತು. ಕೂಗುವವರ ದನಿ ಚಪ್ಪರದ ತುದಿಗೂ ಬಂತು:

'ದಾರಿ ಸಂಘದ ಪರವಾಗಿ ಅಧ್ಯಕ್ಷರಿಂದ ಬೆಳ್ಳಿ ಬಟ್ಟಲು ಒಂದು! ಹಿಂದಿನ ಮುಯ್ಯಿ ತೀರಿಸಿದ್ದು!'

ನನ್ನ ಮೈಯೆಲ್ಲ ಉರಿದುಹೋಯಿತು. ಹೆಂಗಸರ ಸಾಲಿನಿಂದ ಎದ್ದು ನಿಂತು ಕೇಳಿದೆ, 'ನಮ್ಮ ಸಂಘಕ್ಕೆ ಯಾವಾಗ ಮದುವೆ ಆಗಿತ್ತು? ಇವರು ಯಾವಾಗ ಬಂದು ಮುಯ್ಯಿ ಮಾಡಿದ್ರು?'

ನನ್ನ ಗಂಟಲು ಗೊತ್ತಲ್ಲ. ವಾಲಗದವರೇ ನಿಲ್ಲಿಸಿ ತಿರುಗಿ ನೋಡಿದರು. ಅಧ್ಯಕ್ಷರ ಮುಖ ಬಿಳಿಚಿತು. ಧಣಿಗೆ ಮಾತ್ರ ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. ಸೋಫಾದಲ್ಲಿ ಒರಗಿ ನಗುತ್ತಾ, 'ಹಂಚು ಕಣಮ್ಮ. ನೀವು ಮೀಟಿಂಗ್ ಮಾಡೋವಾಗ ತಲೆ ಎತ್ತಿ ನೋಡೋದಿಲ್ವಾ?' ಎಂದ.

ಊಟ ಮಾಡದೆ ಎದ್ದು ಬಂದೆವು. ನಾವು ಹೊಟ್ಟೆ ಕಟ್ಟಿ ಕೊಟ್ಟ ಅಕ್ಕಿ, ಬೆಳ್ಳಿ ಬಟ್ಟಲಾಗಿ ನಮ್ಮ ದಾರಿ ಮುಚ್ಚಿದವನ ಮನೆ ಸೇರಿತ್ತು.

ಎರಡೇ ದಿನದಲ್ಲಿ ಸಭೆ ಸೇರಿತು. ಅಧ್ಯಕ್ಷರು ಬಂದರು, ಬರಲಿಲ್ಲ ಎಂದು ಸುಳ್ಳು ಹೇಳಲಾರೆ. 'ಮಳೇಲಿ ನೆನೀತಾ ಎಷ್ಟು ದಿನ ಕೂರ್ತಿದ್ರಿ? ಊರಿಗೆ ಒಳ್ಳೇದಾಗ್ಲಿ ಅಂತ ಇಸ್ಕೊಂಡೆ. ಆ ಮನುಷ್ಯ ನನ್ನ ಹತ್ರ ಏನೂ ಕೇಳ್ಲಿಲ್ಲ, ದೇವರಾಣೆ' ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಿಜವೇ ಇರಬೇಕು, ನಾನು ಇವತ್ತಿಗೂ ನಂಬುತ್ತೇನೆ.

'ಅವ್ರು ಕೇಳ್ಲಿಲ್ಲ ಯಜಮಾನ್ರೆ, ನೀವೇ ಕೊಟ್ರಿ. ಹಕ್ಕು ಅಂತಿದ್ದಿದ್ದನ್ನ ಕೃಪೆ ಮಾಡಿದ್ದು ಯಾರು? ದಾರೀನ ಬಾವಿ ಮಾಡಿದ್ದು ಯಾರು?'

ಕೆಲವರು, ಹಂಚೂ ಇರಲಿ, ದಾರಿಯನ್ನೂ ಕೇಳೋಣ ಎಂದರು. ಬುದ್ಧಿವಂತಿಕೆಯ ಮಾತೇ. ಮಳೆ ಬೇರೆ ಇನ್ನೇನು ಶುರುವಾಗುವುದರಲ್ಲಿತ್ತು. ಮಾವ ಆ ಒಡಕು ದನಿಯಲ್ಲೇ ಹೇಳಿದರು: 'ಹಂಚಿನ್ ಮುಯ್ಯಿ ಒಂದು ಬಟ್ಲಲ್ಲಿ ತೀರಲ್ಲ. ಮೊದ್ಲು ತೀರ್ಸಿ, ಆಮೇಲ್ ಕೇಳಿ. ಅವ್ನ ಮಾಡಿನ್ ಕೆಳಗೆ ಕೂತು ಅವ್ನ ಮೇಲೆ ದೂರು ಹೇಳಕ್ಕೆ ನಾಲ್ಗೆ ಏಳಲ್ಲ ಕಣ್ರಪ್ಪ.' ಯಾರೂ ಅಲ್ಲಾಡಲಿಲ್ಲ. ಆಗ ನನ್ನ ಗಂಡ, ಸಭೆಯಲ್ಲಿ ಒಂದು ದಿನವೂ ಬಾಯಿ ಬಿಡದ ಮನುಷ್ಯ, ಎದ್ದು ಹೊರಗೆ ಹೋದರು. ಎಮ್ಮೆಗೆ ಹುಲ್ಲು ಹಾಕಲು ಹೊರಟರೆಂದೇ ನಾನು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನಮ್ಮ ತಲೆಯ ಮೇಲೆ ಸದ್ದಾಯಿತು. ಒಂದು ಹಂಚು ಸರಿದು, ಆ ಸಂದಿಯಲ್ಲಿ ಆಕಾಶ ಕಂಡಿತು. ಇವರು ಏಣಿ ಹಾಕಿ ಮಾಡು ಹತ್ತಿದ್ದರು.

ಅಯ್ಯೋ, ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದ ಪ್ರೀತಿ, ಮದುವೆಯ ಹೊಸತರಲ್ಲೂ ಬಂದಿರಲಿಲ್ಲ.

ಮರುದಿನ ಗಾಡಿ ಕಟ್ಟಿ ಹಂಚೆಲ್ಲ ಹೇರಿಕೊಂಡು ಗೇಟಿಗೆ ಹೋದೆವು. ಕಾವಲಿನ ಮುದುಕ ಮಲಬಾರಿನ ಕಡೆಯವನು. 'ಎಂತ ಅಮ್ಮ ಇದು? ಧಣಿ ಕೇಳಿದ್ರೆ ನಾನು ಎಂತ ಹೇಳುದು?' ಎಂದು ತಲೆ ಕೆರೆದುಕೊಂಡ. ಧಣಿಯ ಸಾಮಾನು ಧಣಿಗೇ ಹೋಗುತ್ತಿದೆ, ತಡೆಯಲು ನೀನ್ಯಾರು ಎಂದೆ. ಬೀಗ ತೆಗೆದ. ಬಂಗಲೆಯ ಅಂಗಳದಲ್ಲಿ ಹಂಚು ಇಳಿಸಿದೆವು. ಧಣಿ ಜಗಲಿಗೆ ಬಂದು ನಿಂತಾಗ ನಾನು ಹೊಟ್ಟೆಯ ಆಳದಿಂದ ಕೂಗಿದೆ: ದಾರಿ ಸಂಘದಿಂದ ಮಂಗಳೂರು ಹಂಚು, ಪಡೆದದ್ದು ಪಡೆದಂತೆ, ತೀರಿಸಿದ್ದು. ಬಟ್ಟಲನ್ನು ವಾಪಸು ಕೇಳಲಿಲ್ಲ. ಅದು ಮಗಳ ಮದುವೆಯದು, ಹುಡುಗಿ ಏನು ಮಾಡಿದ್ದಳು ಪಾಪ. ಅದರ ದುಡ್ಡನ್ನು ಅಧ್ಯಕ್ಷರು ತಾವೇ ಕಟ್ಟಿಕೊಟ್ಟು, ಸ್ಥಾನ ಬಿಟ್ಟು, ಮುಂದಿನ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತರು. ಕೂತರಲ್ಲ, ಅದು ದೊಡ್ಡದು. ಕೂಗುವ ಕೆಲಸ ಮತ್ತೆ ನನ್ನ ತಲೆಗೆ ಬಂತು.

ನಾವು ಇತ್ತ ಹೊರಟ ಕೂಡಲೇ ಗೇಟಿಗೆ ಮತ್ತೆ ಬೀಗ ಬಿತ್ತು. ನಾವು ಹಳೆಯ ಮಾತಿನ ಅರ್ಜಿಯನ್ನೇ ಮಡಿಕೇರಿಗೆ ಕಳಿಸಿದೆವು, ಹಕ್ಕು ಎಂದೇ ಬರೆದು. ಮಳೆ ಹಿಡಿಯಿತು. ಮಾಡಿಗೆ ಹೊದಿಸಲು ಹುಲ್ಲಾದರೂ ಎಲ್ಲಿತ್ತು? ನಾಲ್ಕು ಗೋಡೆಯ ನಡುವೆ ಕಂಬಳಿ ಕೊಪ್ಪೆ ಹಾಕಿಕೊಂಡು ಸಭೆ ಮಾಡಿದೆವು.

ಅಂಥ ಒಂದು ಸಭೆಗೆ ಮಡಿಕೇರಿಯಿಂದ ಅಧಿಕಾರಿಯೊಬ್ಬರು ಬಂದರು. ಧಣಿ ಅವರ ಕಿವಿ ಚೆನ್ನಾಗಿಯೇ ಊದಿದ್ದ. ಈ ಸಂಘದ ಹಿಂದೆ ಹೊಳೆಯಾಚೆಯ ದುಡ್ಡಿದೆ, ಮೈಸೂರಿನವರು ಕೊಡಗಿನಲ್ಲಿ ಗಲಾಟೆ ಎಬ್ಬಿಸಲು ಕಳಿಸುತ್ತಿದ್ದಾರೆ ಎಂದು. ಆ ಕಾಲದಲ್ಲಿ ಆ ಒಂದು ಮಾತು ಸಾಕು, ಅರ್ಜಿ ಹರಿದು ಒಲೆಗೆ ಹಾಕಲು. ಅಧಿಕಾರಿ ಕೊಡೆ ಬಿಚ್ಚಿ ಹಿಡಿದು, ನಿಂತೇ ಕೇಳಿದರು:

'ನಿಮ್ಮ ಸಂಘಕ್ಕೆ ಹಣ ಕೊಡೋದು ಯಾರು? ನಿಜ ಹೇಳಿ.'

ಎಲ್ಲರೂ ನನ್ನ ಕಡೆ ತಿರುಗಿದರು. ತಲೆಯ ಮೇಲೆ ಆ ಹಂಚು ಇದ್ದಿದ್ದರೆ ನಾನು ಯಾವ ಬಾಯಿಂದ ಏನು ಹೇಳುತ್ತಿದ್ದೆನೋ. ಎದ್ದು ನಿಂತೆ. ಕಂಬಳಿ ಹಿಂದಕ್ಕೆ ಸರಿಸಿ, ಊರ ಮೊದಲ ಮನೆಯಿಂದ ಶುರು ಮಾಡಿದೆ. ಯಾರ ಮನೆ, ಎಷ್ಟು ಅಕ್ಕಿ, ಯಾರು ಆಳಾಗಿ ದುಡಿದರು, ಯಾರು ಬಿದಿರು ಕೊಟ್ಟರು. ಕೂಗಿದ ಹೆಸರಿಗೆ ಆಯಾ ಮನೆಯವರು ಒಬ್ಬೊಬ್ಬರೇ ಎದ್ದು ನಿಲ್ಲುತ್ತಾ ಬಂದರು. ಯಾರೂ ನಿಲ್ಲಿರೆಂದು ಹೇಳಿರಲಿಲ್ಲ. ಮಳೆ ಜೋರಾಯಿತು, ನಾನೂ ದನಿ ಏರಿಸಿದೆ. ಹಂಚಿನ ಹೆಸರು ಬಂದಾಗ ಅದನ್ನೂ ಬಿಡಲಿಲ್ಲ. ಕೊಟ್ಟವರ ಹೆಸರು ಕೂಗಿದೆ, ತೀರಿಸಿದ್ದನ್ನೂ ಕೂಗಿದೆ. ಅಧಿಕಾರಿ ಒಮ್ಮೆ ಮೇಲೆ ನೋಡಿದರು. ಬರೀ ಮಳೆ. ಅವರ ಕೊಡೆ ಸೋರುತ್ತಿತ್ತು, ಬೂಟು ಕೆಸರಲ್ಲಿ ಹೂತಿತ್ತು.

'ಸಾಕಮ್ಮ, ಸಾಕು. ಗೊತ್ತಾಯ್ತು. ನಡೀರಿ, ಆ ದಾರಿ ತೋರಿಸಿ' ಎಂದರು.

'ಕೂತ್ಕೊಳಿ ಸ್ವಾಮಿ,' ಎಂದೆ. 'ಇನ್ನೂ ಕೆಳಗಿನ ಕೇರಿಯೋರ ಹೆಸರು ಬಂದಿಲ್ಲ.'