ಬಾಗಿಲಲ್ಲಿ ಅಪ್ಪನ ಚಪ್ಪಲಿ

ಬೆಂಗಳೂರಿನಲ್ಲೇ ಹುಟ್ಟಿ, ಬೆಂಗಳೂರಿನಲ್ಲೇ ತಲೆ ನರೆಸಿಕೊಂಡು, ರಜೆ ಕಳೆಯಲು ಮತ್ತೆ ಬೆಂಗಳೂರಿಗೇ ಹೊರಟವರು ನಾನು ಮತ್ತು ಅಮ್ಮ. ವಿಷಯ ಕೇಳಿ ಚಿಕ್ಕಮ್ಮ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. "ಬಸವೇಶ್ವರನಗರದಿಂದ ಎಂ.ಜಿ. ರೋಡಿಗೆ ಟ್ರಿಪ್ಪಾ? ಅದಕ್ಕೆ ರೂಮ್ ಬೇರೆ ಬುಕ್ ಮಾಡಿದ್ದೀಯಾ? ಮೆಟ್ರೋ ಹತ್ತಿ ಹೋಗಿ ನೋಡ್ಕೊಂಡು ಊಟದ ಹೊತ್ತಿಗೆ ವಾಪಸ್ ಬನ್ರೇ!" ನನಗೆ ರೇಗಿತು. "ನಿನ್ನನ್ನೇನೂ ಕರೀಲಿಲ್ವಲ್ಲ ಚಿಕ್ಕಮ್ಮ, ನಿನಗ್ಯಾಕೆ ಹೊಟ್ಟೆನೋವು?" ಎಂದು ಫೋನ್ ಇಟ್ಟೆ.

ನಗುವವರಿಗೆ ಏನು ಗೊತ್ತು. ಅಪ್ಪ ಹೋದ ಮೇಲೆ ಅಮ್ಮ ಒಂದು ರಾತ್ರಿಯೂ ಈ ಮನೆ ಬಿಟ್ಟು ಮಲಗಿದವಳಲ್ಲ. ಮೈಸೂರಿನಲ್ಲಿ ಅವಳ ತಮ್ಮನ ಮಗಳ ಮದುವೆಯಾದಾಗ ಎಲ್ಲರೂ ಛತ್ರದಲ್ಲಿ ಉಳಿದರೆ, ಇವಳು ಆರತಕ್ಷತೆಯ ಊಟವನ್ನೂ ಬಿಟ್ಟು ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಕೇಳಿದರೆ ಒಂದೇ ಉತ್ತರ: "ಕಳ್ಳರ ಕಾಟ ಕಣೇ. ಬೀಗ ಹಾಕಿರೋ ಮನೆ ಅಂತ ಗೊತ್ತಾದ್ರೆ ಬಿಡ್ತಾರಾ?" ಮದುವೆಯ ಗೋಜಿಗೆ ಹೋಗದೆ ಅಮ್ಮನ ಜೊತೆಯೇ ಉಳಿದವಳು ನಾನು. ಈ ಚಳಿಗಾಲದಲ್ಲಿ ಅವಳನ್ನು ಎಬ್ಬಿಸಿ ಹೊರಡಿಸದಿದ್ದರೆ ಅವಳು ಇನ್ನು ಯಾವತ್ತೂ ಆ ಹೊಸ್ತಿಲು ದಾಟುವುದಿಲ್ಲ, ಅವಳ ಜೊತೆ ನಾನೂ ಒಳಗೇ ಮುದುಕಿಯಾಗುತ್ತೇನೆ ಎಂದು ನನಗೆ ನಿಜವಾಗಿ ಭಯವಾಗಿತ್ತು.

ಎಂ.ಜಿ. ರಸ್ತೆಯೇ ಯಾಕೆ ಅಂದರೆ, ಅದು ಅಪ್ಪ ಉಳಿಸಿಹೋದ ಮಾತು. ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಅಪ್ಪ ಪ್ರತಿ ಡಿಸೆಂಬರಿನಲ್ಲೂ ಅಮ್ಮನಿಗೆ ಹೇಳುತ್ತಿದ್ದರು: "ಮುಂದಿನ ವರ್ಷ ದಂಡಿನ ಕಡೆ, ಎಂ.ಜಿ. ರೋಡಿಗೆ ಕರ್ಕೊಂಡು ಹೋಗಿ ಕ್ರಿಸ್‌ಮಸ್ ದೀಪ ತೋರಿಸ್ತೀನಿ. ಅಲ್ಲೇ ಒಂದು ಲಾಡ್ಜ್‌ನಲ್ಲಿ ಉಳ್ಕೊಳ್ಳೋಣ, ದೊರೆಗಳ ಥರ." ಒಂದು ವರ್ಷ ಸೆಕೆಂಡ್ ಶಿಫ್ಟ್, ಇನ್ನೊಂದು ವರ್ಷ ಮಂಡಿನೋವು, ಆಮೇಲೆ ಕೆಮ್ಮು. ಆ ಮುಂದಿನ ವರ್ಷ ಬರಲೇ ಇಲ್ಲ.

ಅಪ್ಪನ ಬಟ್ಟೆಬರೆಯನ್ನೆಲ್ಲ ವರ್ಷಾಂತಿಕದೊಳಗೆ ಕೊಟ್ಟುಬಿಟ್ಟೆವು. ಒಂದು ಶರ್ಟು, ಒಂದು ಶಾಲು, ಮಂಕಿ ಕ್ಯಾಪು, ಚಪ್ಪಲಿ ಮಾತ್ರ ಉಳಿದವು. ಹೋದವರ ಚಪ್ಪಲಿ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಬಂಧುಗಳೆಲ್ಲ ಹೇಳಿದರು. ಅಮ್ಮ ಜಗ್ಗಲಿಲ್ಲ. "ಮನೇಲಿ ಇಟ್ಕೊಂಡಿಲ್ವಲ್ಲ, ಬಾಗಿಲ ಹೊರಗಿದೆ. ಇಬ್ಬರು ಹೆಂಗಸರಿರೋ ಮನೆ, ಗಂಡಸಿನ ಚಪ್ಪಲಿ ಕಣ್ಣಿಗೆ ಬೀಳ್ತಿರ್ಲಿ" ಎಂದಳು. ನಮ್ಮ ಬೀದಿಯಲ್ಲಿ ಇದು ಹೊಸದೇನಲ್ಲ. ಗಂಡಂದಿರು ದುಬೈಯಲ್ಲಿರುವ ಮನೆಗಳ ಬಾಗಿಲಲ್ಲೂ ಗಂಡಸರ ಚಪ್ಪಲಿ ಇರುತ್ತವೆ. ಆದರೆ ಅಮ್ಮನಷ್ಟು ಅಚ್ಚುಕಟ್ಟಾಗಿ ಈ ನಾಟಕ ಆಡುವವರನ್ನು ನಾನು ಕಂಡಿಲ್ಲ. ಧೂಳು ಕೂತರೆ ಕಳ್ಳನಿಗೆ ಗೊತ್ತಾಗುತ್ತದೆ ಎಂದು ದಿನಾ ಒರೆಸುವಳು. ಒಂದೇ ಥರ ಇದ್ದರೂ ಗೊತ್ತಾಗುತ್ತದೆ ಎಂದು ಬೆಳಗ್ಗೆ ರಂಗೋಲಿ ಹಾಕುವಾಗ ಚಪ್ಪಲಿಗಳನ್ನು ರಸ್ತೆಯ ಕಡೆಗೆ ಮುಖ ಮಾಡಿ ಇಡುವಳು, ಯಜಮಾನರು ಹೊರಡುವವರಿದ್ದಾರೆ ಎನ್ನುವ ಹಾಗೆ. ಸಂಜೆ ದೀಪ ಹಚ್ಚಿದ ಮೇಲೆ ಬಾಗಿಲಿನ ಕಡೆಗೆ ತಿರುಗಿಸುವಳು, ಬಂದಾಯಿತು ಎನ್ನುವ ಹಾಗೆ. ಬಲಗಾಲಿನ ಹಿಮ್ಮಡಿ ಒಂದು ಪಕ್ಕಕ್ಕೆ ಸವೆದ ಕಂದು ಚರ್ಮದ ಚಪ್ಪಲಿಗಳವು. ನಾನು ಅವುಗಳನ್ನು ದಾಟಿಕೊಂಡೇ ದಿನಾ ಬ್ಯಾಂಕಿಗೆ ಹೋಗಿಬರುತ್ತಿದ್ದೆ, ನೋಡುವುದನ್ನೇ ಬಿಟ್ಟಿದ್ದೆ.

ಸರಿ, ಶನಿವಾರಕ್ಕೆ ರೂಮ್ ಬುಕ್ ಆಯಿತು. ಅಮ್ಮನ ಬಾಯಿ ಮುಚ್ಚಿಸಬೇಕಾದರೆ ಕಳ್ಳರ ವಿಚಾರ ಮೊದಲು ಬಗೆಹರಿಸಬೇಕಿತ್ತು. ಮಹಡಿಯ ಪೋರ್ಷನ್ನಿನಲ್ಲಿ ದಾವಣಗೆರೆ ಕಡೆಯ ಹೆಂಗಸೊಬ್ಬರು ಜೂನ್‌ನಲ್ಲಿ ಬಾಡಿಗೆಗೆ ಬಂದಿದ್ದರು, ಗಂಡ ಹೆಂಡತಿ ಇಬ್ಬರೇ. ಅವರೂ ಹಿಂದಿನ ದಿನ, ಶುಕ್ರವಾರವೇ, ಊರಿಗೆ ಹೊರಟಿದ್ದರಿಂದ ಇಡೀ ಮನೆ ಖಾಲಿಯಾಗುವುದಿತ್ತು. ಹಿಂದಿನ ಕ್ರಾಸಿನಲ್ಲಿ ಬೀಗ ಮುರಿದ ಸುದ್ದಿ ಬೇರೆ ಬಿಸಿಬಿಸಿಯಾಗಿತ್ತು. ನಾನೂ ಬಿಡಲಿಲ್ಲ. ಹೊತ್ತಿಗೆ ಸರಿಯಾಗಿ ತಾನೇ ಹತ್ತಿ ತಾನೇ ಆರುವ ಟೈಮರ್ ಪ್ಲಗ್ ತಂದು ಮುಂದಿನ ಕೋಣೆಯ ದೀಪಕ್ಕೂ ಅಪ್ಪನ ರೇಡಿಯೋಕ್ಕೂ ಸಿಕ್ಕಿಸಿದೆ. "ನೋಡು, ನಾವಿಲ್ಲದಿದ್ರೂ ಸಂಜೆ ಲೈಟ್ ಹತ್ತುತ್ತೆ, ವಾರ್ತೆ ಬರುತ್ತೆ, ಮಲಗೋ ಹೊತ್ತಿಗೆ ಆರುತ್ತೆ. ಇನ್ನೇನು ಬೇಕು ನಿನಗೆ?"

ಅಮ್ಮ ತಲೆ ಆಡಿಸಿದಳು. ಆಮೇಲೆ ಅವಳಿಗೇ ಹುರುಪು ಬಂತು. ಅಪ್ಪನ ಶರ್ಟನ್ನು ನೆನೆಸಿ ಹಿಂಡಿ ವರಾಂಡದ ತಂತಿಗೆ ಹಾಕಿ ನೋಡಿದಳು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಗೆ ದಿಂಬು ಒರಗಿಸಿ ಶಾಲು ಹೊದಿಸಿದಳು. ಅದರ ಮೇಲೆ ಒಂದು ತಂಬಿಗೆ ಬೋರಲು ಹಾಕಿ ಮಂಕಿ ಕ್ಯಾಪು ತೊಡಿಸಿದಳು. ನನಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಹೊಲದಲ್ಲಿ ಬೆರ್ಚಪ್ಪ ನಿಲ್ಲಿಸಿದ ಹಾಗಿದೆಯಲ್ಲಮ್ಮ!" ಎಂದೆ. ಅಮ್ಮ ನಗಲಿಲ್ಲ. ಶಾಲಿನ ತುದಿಯನ್ನು ಎಡಹೆಗಲಿನ ಮೇಲೆ ಮಡಚಿ ಹಾಕಿ ಹಿಂದೆ ಸರಿದು ನೋಡಿದಳು. ಅಪ್ಪ ಹೊದೆಯುತ್ತಿದ್ದದ್ದು ಹಾಗೇ.

ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದಾಗ ಮಹಡಿಯಾಕೆ ಬ್ಯಾಗು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಅಮ್ಮ ಗೇಟಿನ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಆಕೆ ನಿಂತು, "ಆಂಟಿ, ಅಂಕಲ್ ಹುಷಾರಾಗಿದಾರೇನ್ರಿ? ಬೆಳಗಿನ ಜಾವ ಭಾಳ ಕೆಮ್ಮಿದ್ರು, ಮ್ಯಾಲಕ್ಕೆ ಕೇಳಿಸ್ತಿತ್ತು" ಎಂದರು.

ನಾನು ಆಕೆಯ ಮುಖ ನೋಡಿದೆ. ಆಕೆ ತಮಾಷೆ ಮಾಡುತ್ತಿರಲಿಲ್ಲ. ಅಮ್ಮ ಅವರೆಕಾಯಿಯಿಂದ ತಲೆ ಎತ್ತಿ, ಎಷ್ಟು ಸಲೀಸಾಗಿ ಹೇಳಿದಳು ಗೊತ್ತೇ: "ಚಳಿ ಅಲ್ವಾ, ಹಂಗೇ ಅವರಿಗೆ. ಕಷಾಯ ಕೊಟ್ಟಿದ್ದೀನಿ. ನೀವು ಹುಷಾರಾಗಿ ಹೋಗ್ಬನ್ನಿ."

ಆಕೆಯ ಆಟೊ ಹೋಗುವವರೆಗೂ ತಡೆದುಕೊಂಡೆ. ಆಮೇಲೆ ಸಿಡಿದೆ. "ಅಮ್ಮ! ಅಪ್ಪ ಇದ್ದಾರೆ ಅಂತ ಹೇಳಿದ್ದೀಯಾ ಅವರಿಗೆ?"

"ನಾನೆಲ್ಲಿ ಹೇಳ್ದೆ? ಚಪ್ಪಲಿ ನೋಡಿ ಅವರೇ ಕೇಳಿದ್ರು, ಅಂಕಲ್ ಹೊರಗೇ ಬರಲ್ವಲ್ಲ ಅಂತ. ಹುಷಾರಿಲ್ಲ ಅಂದೆ. ಯಾರಾದ್ರೂ ಮನೇಲಿ ಗಂಡಸರಿದ್ದಾರೆ ಅಂದ್ಕೊಂಡ್ರೆ ಒಳ್ಳೇದೇ ಅಲ್ವೇನೇ?"

ಆಕೆ ನಮ್ಮ ಹಜಾರ ದಾಟಿ ಒಳಗೆ ಬಂದವರಲ್ಲ, ಅಪ್ಪನ ಹಾರ ಹಾಕಿದ ಫೋಟೋ ಕಂಡವರಲ್ಲ. ಅಮ್ಮನ ಹಣೆಯ ಕುಂಕುಮವನ್ನು ತೆಗೆಯಬೇಡ ಎಂದು ಹಟ ಹಿಡಿದು ಉಳಿಸಿದವಳು ನಾನೇ. ಅವರಿಗೆ ತಿಳಿಯುವುದಾದರೂ ಹೇಗೆ? ಅದೆಲ್ಲ ಸರಿ. "ಮತ್ತೆ ಆ ಕೆಮ್ಮು ಯಾರದು?" ಎಂದು ಕೇಳಿದೆ. ಅಮ್ಮ ಸಿಪ್ಪೆಗಳನ್ನು ಸೆರಗಿನಿಂದ ಕೊಡವುತ್ತಾ, "ಪಕ್ಕದ ಮನೇದಿರ್ಬೇಕು" ಎಂದಳು. ಪಕ್ಕದ ಮನೆ ಕೆಡವಿ, ಬರಿಯ ಸೈಟಾಗಿ, ಹಸಿರು ಬಲೆ ಕಟ್ಟಿ ತಿಂಗಳುಗಳೇ ಆಗಿದ್ದವು. ಅದನ್ನು ಹೇಳಿದರೆ ಏನು ಉತ್ತರ ಬರುತ್ತದೋ ಎಂದು ಹೆದರಿಕೆಯಾಯಿತು.

ಆ ಸಂಜೆ ನಾನೇ ಹಟ ಮಾಡಿ ಒಂದು ಟ್ರಯಲ್ ನೋಡೋಣ ಎಂದೆ. ಬೆಳಗ್ಗೆ ಹೊರಡುವ ಮೊದಲು ಟೈಮರ್ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಬೇಕಲ್ಲ. ಏಳು ಗಂಟೆಗೆ ಹತ್ತಿ ಸ್ವಲ್ಪ ಹೊತ್ತಿಗೆ ಆರುವ ಹಾಗೆ ಸರಿಮಾಡಿದೆ. ಅಮ್ಮ ಶರ್ಟನ್ನು ಮತ್ತೆ ನೆನೆಸಿ ತಂತಿಗೆ ಹಾಕಿದಳು. ಅವಳು ಚಪ್ಪಲಿಗಳನ್ನು ಒರೆಸಿ ಬಾಗಿಲಿನ ಕಡೆಗೆ ಮುಖ ಮಾಡಿ ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಬೀಗ ಹಾಕಿ, ಗೇಟು ಎಳೆದು, ಎದುರುಗಡೆ ಹೊಂಗೆಮರದ ಕೆಳಗೆ ಕತ್ತಲಲ್ಲಿ ಇಬ್ಬರೂ ನಿಂತೆವು. ನಮ್ಮದೇ ಮನೆಗೆ ಕನ್ನ ಹಾಕಲು ಬಂದವರ ಹಾಗೆ. ಚಳಿಗೆ ಬೀದಿಯೆಲ್ಲ ಬಾಗಿಲು ಹಾಕಿಕೊಂಡಿತ್ತು. ಯಾರದೋ ಮನೆಯಿಂದ ಅವರೆಕಾಳಿನ ಹುಳಿಯ ವಾಸನೆ ಬರುತ್ತಿತ್ತು.

ದೀಪ ಹತ್ತಿತು.

ಕಿಟಕಿಯ ಪರದೆಯ ಮೇಲೆ ಅಪ್ಪ ಕೂತಿದ್ದರು. ಹಾಗೆಂದು ಬರೆಯಲು ನನಗೇ ನಾಚಿಕೆ, ಆದರೆ ಕಂಡದ್ದು ಹಾಗೇ. ಸ್ವಲ್ಪ ಮುಂದಕ್ಕೆ ಬಾಗಿದ ತಲೆ, ಎಡಹೆಗಲಿನ ಮೇಲೆ ಉಬ್ಬಿದ ಶಾಲು. ರೇಡಿಯೋದಲ್ಲಿ ಯಾವುದೋ ಗಂಡಸಿನ ದನಿ ಸಣ್ಣಗೆ ಮಾತಾಡುತ್ತಿತ್ತು. ವರಾಂಡದಲ್ಲಿ ಒದ್ದೆ ಶರ್ಟು ತೊಟ್ಟಿಕ್ಕುತ್ತಿತ್ತು. ಒಳಗಿರುವುದು ದಿಂಬು, ತಂಬಿಗೆ ಎಂದು ಮನಸ್ಸಿಗೆ ಎಷ್ಟು ಹೇಳಿಕೊಂಡರೂ ಕಣ್ಣು ಒಪ್ಪಲಿಲ್ಲ. ಮನೆ ತುಂಬಿತ್ತು, ನಾವು ಹೊರಗಿದ್ದೆವು. ಬೀದಿಯಲ್ಲಿ ಹೋಗುವವರು ಯಾರಾದರೂ ನೋಡಿದರೆ ಆ ಮನೆಯಲ್ಲಿ ಇಲ್ಲದವರು ನಾವಿಬ್ಬರೇ ಎಂದುಕೊಳ್ಳಬೇಕು.

ಅಮ್ಮ ನನ್ನ ಮುಂಗೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು. "ನೋಡೇ," ಎಂದಳು, ಪಿಸುದನಿಯಲ್ಲಿ. "ಊಟಕ್ಕೆ ಕಾಯ್ತಾ ಇದ್ದಾರೆ."

"ಅಮ್ಮ, ಸುಮ್ನಿರು."

"ನನಗಾಗಲ್ಲ ಕಣೇ. ಒಬ್ಬರನ್ನೇ ಬಿಟ್ಟು ಹೆಂಗೆ ಹೋಗ್ಲಿ? ನೀನು ಬೇಕಾದ್ರೆ ಯಾರಾದ್ರೂ ಫ್ರೆಂಡ್‌ನ ಕರ್ಕೊಂಡು ಹೋಗು."

ಆಗ ನನಗೆ ಎಲ್ಲವೂ ತಿಳಿಯಿತು. ಕಳ್ಳರೂ ಇಲ್ಲ, ಬೀಗವೂ ಇಲ್ಲ. ಇಷ್ಟು ದಿನವೂ ಅವಳು ಕಳ್ಳರಿಗಾಗಿ ಚಪ್ಪಲಿ ತಿರುಗಿಸಿದ್ದಲ್ಲ. ನಾನು ಅವಳನ್ನು ಹೊರಡಿಸಲೆಂದು ದೀಪ, ರೇಡಿಯೋ ಎಲ್ಲ ಜೋಡಿಸಿ, ಅವಳು ಹೊರಡದಿರಲು ಬೇಕಾದದ್ದನ್ನೇ ಕುರ್ಚಿಯ ಮೇಲೆ ಕೂರಿಸಿಬಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಅಷ್ಟರಲ್ಲಿ ದೀಪ ಆರಿತು. ರೇಡಿಯೋ ಅರ್ಧ ಮಾತಿನಲ್ಲಿ ನಿಂತಿತು. "ಉಣ್ಣದೇ ಮಲಗಿಬಿಟ್ರು" ಎಂದು ಅಮ್ಮ ಸರಸರನೆ ರಸ್ತೆ ದಾಟಿದಳು.

ನಾನು ಹಿಂದೆಯೇ ಓಡಿದೆ. ವರಾಂಡದಲ್ಲಿ ಮೊಬೈಲಿನ ಟಾರ್ಚ್ ಹಚ್ಚಿದೆ. ಬೆಳಕು ಮೊದಲು ಬಿದ್ದದ್ದು ಚಪ್ಪಲಿಗಳ ಮೇಲೆ. ಎರಡೂ ರಸ್ತೆಯ ಕಡೆಗೆ ಮುಖ ಮಾಡಿದ್ದವು, ಒಂದರ ಪಕ್ಕ ಒಂದು, ಒಪ್ಪವಾಗಿ.

"ನೀನು ಒಳಮುಖ ಇಟ್ಟಿದ್ದೆ ಅಲ್ವಾ?" ಎಂದೆ.

"ಹೂಂ."

"ನಾನು ಮುಟ್ಟಿಲ್ಲ."

"ಗೊತ್ತು."

ಬೀಗ ಹಾಕುವಾಗ ನನ್ನ ಕಾಲು ತಗುಲಿರಬಹುದು. ಬೆಕ್ಕು ಬಂದಿರಬಹುದು. ಆದರೆ ಕಾಲು ತಗುಲಿದರೆ ಚಪ್ಪಲಿ ಚೆಲ್ಲಾಪಿಲ್ಲಿಯಾಗಬೇಕು, ಜೋಡಿಯಾಗಿ ತಿರುಗಿ ನಿಲ್ಲುತ್ತವೆಯೇ? ಗೇಟು ನಮ್ಮ ಕಣ್ಣೆದುರಿಗೇ ಇತ್ತು, ಒಳಗೆ ಹೋದವರು ಯಾರೂ ಇಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ. ಆ ಕ್ಷಣ ಬಾಗಿಲು ತೆಗೆಯಲು ನನಗೆ ಧೈರ್ಯವಿರಲಿಲ್ಲ ಎನ್ನುವುದು ಮಾತ್ರ ಸತ್ಯ. ಅಮ್ಮನೇ ಬೀಗದ ಕೈ ಕಿತ್ತುಕೊಂಡು ತೆಗೆದಳು. ಒಳಗೆ ಕುರ್ಚಿ, ದಿಂಬು, ತಂಬಿಗೆ, ಎಲ್ಲ ಇಟ್ಟಲ್ಲೇ ಇದ್ದವು.

ಊಟಕ್ಕೆ ಕೂತಾಗ ಅಮ್ಮ ಇದ್ದಕ್ಕಿದ್ದಂತೆ, "ಬೆಳಗ್ಗೆ ಹೊರಡೋಣ ಕಣೇ" ಎಂದಳು. ಮುಖದಲ್ಲಿ ಏನೋ ಗೆಲುವು. ಯಾಕೆ, ಏನು ಎಂದು ನಾನು ಕೆದಕಲಿಲ್ಲ. ಎಲ್ಲಿ ಮತ್ತೆ ಮನಸ್ಸು ಬದಲಾಯಿಸುತ್ತಾಳೋ ಎಂದು ಬೇಗ ಬೇಗ ಉಂಡು ಬ್ಯಾಗು ತುಂಬಿದೆ.

ಬೆಳಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಆಟೊ ಹಿಡಿಯಲು ನಾನು ಮುಂದೆ ಹೋದೆ, ಅಮ್ಮ ಬೀಗ ಹಾಕಿಕೊಂಡು ಬಂದಳು. ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು. ಸೀಟು ಸಿಕ್ಕಿತು. ಅಮ್ಮ ತನ್ನ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳು. ನಡುವೆ ತುಟಿ ಅಲ್ಲಾಡುತ್ತಿದ್ದವು. ಜಪ ಮಾಡುತ್ತಿದ್ದಾಳೆ ಎಂದುಕೊಂಡೆ.

ಹೋಟೆಲಿನ ರೂಮ್ ಚಿಕ್ಕದು, ಚೊಕ್ಕಟವಾಗಿತ್ತು. ನಾನು ಮುಖ ತೊಳೆದು ಬರುವಷ್ಟರಲ್ಲಿ ಅಮ್ಮ ಬಾಗಿಲು ತೆರೆದು ಕಾರಿಡಾರಿನಲ್ಲಿ ಬಗ್ಗಿದ್ದಳು. ಚೀಲ ಬರಿದಾಗಿತ್ತು. ಮಡಚಿದ ಹಳೆಯ ಪೇಪರು ಕೈಯಲ್ಲಿತ್ತು. ನಮ್ಮ ರೂಮಿನ ಬಾಗಿಲ ಹೊರಗೆ, ಬಾಗಿಲಿನ ಕಡೆಗೆ ಮುಖ ಮಾಡಿ, ಅಪ್ಪನ ಚಪ್ಪಲಿಗಳು ಕೂತಿದ್ದವು.

"ಅಮ್ಮ, ಇದೇನಿದು! ಇದನ್ನ ಯಾಕೆ ತಂದೆ?" ಎಂದು ಬಾಗಿಲಿಗೆ ಬಂದೆ.

"ನಿನ್ನೆ ನೀನೂ ನೋಡಿದ್ಯಲ್ಲ. ಹೊರಟು ನಿಂತಿದ್ರು," ಎಂದಳು, ನಾನೇ ದಡ್ಡಿ ಎನ್ನುವಂತೆ. "ದೀಪ ತೋರಿಸ್ತೀನಿ ಅಂದಿದ್ದು ಅವರೇ ತಾನೆ?"

ನನಗೆ ಹೇಳಬೇಕಾದದ್ದು ಬಹಳ ಇತ್ತು. ಮನೆಗೆ ಹೋದ ಕೂಡಲೇ ಇವನ್ನು ಎಸೆಯುತ್ತೇನೆ, ಡಾಕ್ಟರಿಗೆ ತೋರಿಸುತ್ತೇನೆ, ಮಹಡಿಯವರಿಗೆ ನಿಜ ಹೇಳುತ್ತೇನೆ ಎಂದೆಲ್ಲ. ಅಷ್ಟು ಹೊತ್ತಿಗೆ ಅಮ್ಮ ಒಳಗೆ ಹೋಗಿ ಮಂಚದ ಮೇಲೆ ಕಾಲು ಚಾಚಿದ್ದಳು. ಪರಸ್ಥಳದಲ್ಲಿ ಅಷ್ಟು ನಿರಾಳವಾಗಿ ಅವಳು ಮಲಗಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಕಣ್ಣು ಮುಚ್ಚಿಕೊಂಡೇ, "ಸಂಜೆ ದೀಪ ಹತ್ತಿದ ಮೇಲೆ ಎಬ್ಬಿಸೇ" ಎಂದಳು.

ಕ್ಲೀನಿಂಗಿನ ಹೆಂಗಸು ತಳ್ಳುಗಾಡಿಯಲ್ಲಿ ಟವಲು, ಸೋಪು ಹೇರಿಕೊಂಡು ಬಂದು ಬಾಗಿಲ ಬಳಿ ನಿಂತಳು. ಚಪ್ಪಲಿಗಳಿಗೆ ತಗುಲದ ಹಾಗೆ ಗಾಡಿಯನ್ನು ಪಕ್ಕಕ್ಕೆ ಸರಿಸಿದಳು.

"ಮೇಡಂ, ಇಬ್ಬರು ಅಂತ ಬರ್ಕೊಂಡಿದ್ದಾರೆ ಕೆಳಗೆ. ಸಾರ್ ಕೂಡ ಇದ್ದಾರಲ್ಲ? ಟವಲ್ ಎಷ್ಟು ಕೊಡ್ಲಿ?"

ನಾನು ಅಮ್ಮನ ಕಡೆಗೆ ನೋಡಿದೆ. ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.

"ಮೆಲ್ಲಗೆ ಮಾತಾಡಿ, ಮಲಗಿದ್ದಾರೆ" ಎಂದೆ. "ಮೂರು ಕೊಡಿ."