ಅಡ್ಡ ನಿಂತ ಟೆಂಪೋ

ಹುಬ್ಬಳ್ಳಿಯಿಂದ ಶಿರಸಿಗೆ ಬರುತ್ತಿದ್ದ ಟೆಂಪೋದಲ್ಲಿ ನಾವು ಮೂವರಿದ್ದೆವು. ಓಡಿಸುತ್ತಿದ್ದವರು ಇಸ್ಮಾಯಿಲ್ ಸಾಹೇಬರು, ಪಕ್ಕದಲ್ಲಿ ಅವರ ಹೆಂಡತಿ ಮೆಹರುನ್ನಿಸಾ, ಕಿಟಕಿಯ ಬದಿಗೆ ನಾನು. ಎಕ್ಕಂಬಿ ದಾಟುತ್ತಲೇ ರಸ್ತೆಗೆ ಬಿದ್ದ ಟೊಂಗೆಯೊಂದನ್ನು ಕಂಡು ಸಾಹೇಬರು ಗಾಡಿ ನಿಲ್ಲಿಸಿದರು. "ಅಸ್ತಗ್ಫಿರುಲ್ಲಾ" ಎಂದು ದೇವರ ಕ್ಷಮೆ ಬೇಡುತ್ತ ಇಳಿದು, ಅದನ್ನು ಬದಿಗೆಳೆದು ಹಾಕಿ ಬಂದರು.

"ದಾರಿ ಮೇಲಿನ ಅಡ್ಡಿ ತೆಗೆದ್ರೆ ಅಲ್ಲಾಹ್ ಪಾಪ ಮಾಫ್ ಮಾಡ್ತಾನೆ, ಹೆಗಡೇರೇ. ನಾ ಒಂದು ಕಲ್ಲನ್ನೂ ಬಿಡೂದಿಲ್ಲ" ಎಂದರು. ಮುಖ ಅರಳಿತ್ತು.

ಮೆಹರುನ್ನಿಸಾ ನನ್ನತ್ತ ತಿರುಗಿದರು. "ಹೌದ್ರಿ, ಊರ ದಾರಿ ಎಲ್ಲ ಸಾಫ್. ಆದ್ರೆ ಇವ್ರು ತಮ್ಮ ಅಣ್ಣನ ಮೇಲಿನ ಸಿಟ್ಟಿಗೆ ನಮ್ಮ ಗಲ್ಲೀಲಿ ಹಳೇ ಕೆಟ್ಟ ಟೆಂಪೋ ಅಡ್ಡ ನಿಲ್ಸಿದಾರೆ. ಅಣ್ಣನ ರಿಕ್ಷಾ ಮನೆ ತನಕ ಬರೂದಿಲ್ಲ. ಅಣ್ಣನ ಹೆಂಡ್ತಿ, ಮಂಡಿನೋವಿನ ಭಾಭಿ, ದೊಡ್ಡ ರಸ್ತೆ ತನಕ ಕುಂಟ್ಕೊಂಡು ಹೋಗ್ತಾರೆ. ಅದನ್ನ ತೆಗೆದ್ರೆ ಅಲ್ಲಾಹ್ ಬೇಡ ಅಂತಾನೇನ್ರಿ?"

ಸಾಹೇಬರು ಗೇರ್ ಬದಲಿಸಿದರು. ಆಮೇಲೆ ಶಿರಸಿ ಮುಟ್ಟುವ ತನಕ ದಾರಿಯಲ್ಲಿ ಕಲ್ಲು ಕಂಡರೂ ಇಳಿಯಲಿಲ್ಲ.

ಮರುವಾರ ನಾನು ಆ ಗಲ್ಲಿಗೆ ಹೋದಾಗ ಅಣ್ಣ ತಮ್ಮ ಇಬ್ಬರೂ ಕೆಟ್ಟ ಟೆಂಪೋವನ್ನು ತಳ್ಳುತ್ತಿದ್ದರು. ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ಗಾಡಿಯೂ ಅಲುಗುತ್ತಿರಲಿಲ್ಲ. ನಾನು ಕೈಚೀಲ ಕೆಳಗಿಟ್ಟು, ಇಬ್ಬರ ನಡುವೆ ನಿಂತು ತಳ್ಳಿದೆ.