ಲಕಲಕ ತೊಳೆದ ನಾಲ್ಕು ಕ್ಯಾಪುಗಳು

ಲೋಕದಲ್ಲಿ ಕೊಳೆ ಹುಟ್ಟಿರುವುದೇ ತನ್ನ ಕೈಯಲ್ಲಿ ಸಾಯಲಿಕ್ಕೆ ಎಂಬುದು ಲಕಲಕನ ನಂಬಿಕೆ. ಗ್ಯಾರೇಜಿನ ಹಿಂದುಗಡೆ, ತಗಡಿನ ಚಪ್ಪರದ ಕೆಳಗೆ ಅವನ ರಣರಂಗ. ಡೀಸೆಲ್ ತುಂಬಿದ ಎರಡು ಟ್ರೇ, ತಂತಿಯ ಬ್ರಷ್ಷು, ಕೂದಲುದುರಿದ ಹಲ್ಲುಜ್ಜುವ ಬ್ರಷ್ಷುಗಳ ಒಂದು ಪಡೆ, ಸಂದುಗೊಂದಿಗೆ ಗಾಳಿ ಊದುವ ಪೈಪು. ಪಿಸ್ಟನ್ನಿನ ನೆತ್ತಿಗೆ ಹಿಡಿದ ಮಸಿ ಕೆರೆಯುವಾಗ ಅದರೊಂದಿಗೆ ಮಾತಿಗೂ ಇಳಿಯುತ್ತಿದ್ದ: “ಮೂಲೇಲಿ ಅವಿತ್ಕೊಂಡ್ರೆ ಬಿಟ್ಬಿಡ್ತೀನಾ? ಬಾ ಆಚೆ!”

ಮನೆಯಲ್ಲೂ ಇದೇ ಚಾಳಿ. ಹೆಂಡತಿ ತೊಳೆದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. “ನಿಮ್ಮನ್ನೂ ಒಂದ್ಸಲ ಹಾಗೆ ಹಿಡಿದು ನೋಡ್ಬೇಕು, ಒಳಗೆ ಏನಾದ್ರೂ ಇದೆಯಾ ಅಂತ” ಎನ್ನುತ್ತಿದ್ದಳು ಅವಳು. ಲಕಲಕ ಎಂದು ಹೆಸರಿಟ್ಟವನು ಗ್ಯಾರೇಜಿನ ಮೇಸ್ತ್ರಿ. ಅದು ಗೇಲಿಯೆಂದು ಊರಿಗೆಲ್ಲ ಗೊತ್ತಿತ್ತು. ಬಿರುದೆಂದು ಇವನೊಬ್ಬ ತಿಳಿದಿದ್ದ.

ಆವತ್ತು ಅವನ ಮುಂದೆ ಬಿಚ್ಚಿಕೊಂಡು ಬಿದ್ದಿದ್ದು ಅಕ್ಕನ ವ್ಯಾನಿನ ಇಂಜಿನ್ನು. ಅಕ್ಕ ಆ ವ್ಯಾನಿನಲ್ಲಿ ಜನರನ್ನು ತುಂಬಿಕೊಂಡು ದಿನಾ ಗುಡ್ಡದ ರಸ್ತೆ ಹತ್ತಿಳಿಯುವವಳು. ವ್ಯಾನನ್ನೂ ಓಡಿಸುತ್ತಿದ್ದಳು, ಚಿಕ್ಕಂದಿನಿಂದ ತಮ್ಮನನ್ನೂ ಓಡಿಸುತ್ತಿದ್ದಳು. ಮಾರನೆಯ ಬೆಳಿಗ್ಗೆ ವ್ಯಾನು ರಸ್ತೆಗೆ ಇಳಿಯಲೇಬೇಕಿತ್ತು.

ಮೇಸ್ತ್ರಿ ಊಟಕ್ಕೆ ಹೊರಡುವಾಗ ಹೇಳಿದ್ದ: “ಪಿಸ್ಟನ್ನು ಹಿಡಿಯೋ ನಾಲ್ಕು ರಾಡು, ರಾಡಿನ ಬುಡಕ್ಕೆ ಬಿಗಿಯೋ ನಾಲ್ಕು ಕ್ಯಾಪು. ಯಾವ ರಾಡಿಗೆ ಯಾವ ಕ್ಯಾಪು ಅಂತ ಬಿಳಿ ಬಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು ಬೊಟ್ಟು ಇಟ್ಟಿದ್ದೀನಿ. ಅದಲುಬದಲಾದ್ರೆ ಒಬ್ಬರ ಹಲ್ಲುಸೆಟ್ಟು ಇನ್ನೊಬ್ಬರ ಬಾಯಿಗೆ ಹಾಕಿದ ಹಾಗೆ. ಇಂಜಿನ್ನು ನಡುದಾರೀಲಿ ಕಚ್ಕೊಂಡು ನಿಲ್ಲತ್ತೆ. ಬೊಟ್ಟು ಮುಟ್ಟಬೇಡ ಕಣಯ್ಯ.”

“ನನಗೆ ಹೇಳ್ಬೇಕಾ?” ಎಂದ ಲಕಲಕ. ಹೇಳಲೇಬೇಕಿತ್ತು, ಒಂದು ಸಲ ಸಾಲದಾಗಿತ್ತು.

ರಾಡುಗಳನ್ನು ಒಂದೊಂದಾಗಿ ತೊಳೆದು ಹಲಗೆಯ ಮೇಲೆ ಇದ್ದ ಸಾಲಿನಲ್ಲೇ ಇಟ್ಟ. ಕ್ಯಾಪುಗಳು ಅಂಗೈಯಗಲದ ಸಣ್ಣ ಸಾಮಾನು ಎಂದು ನಾಲ್ಕನ್ನೂ ಒಟ್ಟಿಗೆ ಟ್ರೇಗೆ ಸುರಿದ. ಅಲ್ಲಿಂದ ಮುಂದೆ ಅವನ ಮೈಮೇಲೆ ಅವನಿರಲಿಲ್ಲ. ಎಣ್ಣೆಯ ಜಿಡ್ಡು ಶರಣಾಯಿತು, ಮಸಿ ಓಟ ಕಿತ್ತಿತು. ಬಿಳಿ ಚುಕ್ಕೆಗಳು ಮಾತ್ರ ಜಗ್ಗಲಿಲ್ಲ. ಎಲಾ ಇವುಗಳ ಸೊಕ್ಕೇ ಎಂದು ಬಣ್ಣ ಕರಗಿಸುವ ಥಿನ್ನರ್ ಹಾಕಿ ತಿಕ್ಕಿದ. ರಾಡಿನ ಮೇಲಿದ್ದ ಚುಕ್ಕೆಗಳಿಗೂ ಅದೇ ಗತಿ ಕಾಣಿಸಿದ. ಕೊನೆಗೆ ಒಂದು ಕ್ಯಾಪನ್ನು ಎತ್ತಿ ಬೆಳಕಿಗೆ ಹಿಡಿದರೆ ಅದರಲ್ಲಿ ತನ್ನ ಮೂಗು ಕಂಡಿತು. ಮೂಗಿನ ಹೊರತು ಬೇರೇನೂ ಕಾಣಲಿಲ್ಲ.

ಉಳಿದ ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದ, ಒಂದರಲ್ಲೂ ಬೊಟ್ಟಿರಲಿಲ್ಲ.

ಅದೇ ಹೊತ್ತಿಗೆ ಬರಬೇಕೇ ಅಕ್ಕ! ಹಿಂದೆಯೇ ತೇಗುತ್ತ ಮೇಸ್ತ್ರಿ.

“ಏನೋ, ಕನ್ನಡಿ ಅಂಗಡಿ ಇಟ್ಟಿದ್ದೀಯಾ?” ಎಂದಳು ಅಕ್ಕ. ಅವಳ ಬಾಯಿಂದ ತಮ್ಮನ ಬಗ್ಗೆ ಹೊಗಳಿಕೆ ಬಂದದ್ದು ಅದೇ ಮೊದಲು. ಮೇಸ್ತ್ರಿಯ ಕನ್ನಡಕ ಹಣೆಯ ಮೇಲೇ ಇತ್ತು. ಮೊದಲ ರಾಡನ್ನು ಎತ್ತಿಕೊಂಡ, ಕೈಗೆ ಸಿಕ್ಕ ಮೊದಲ ಕ್ಯಾಪನ್ನೂ ಎತ್ತಿಕೊಂಡ.

ಲಕಲಕ ಬಾಯಿ ಮುಚ್ಚಿಕೊಂಡಿದ್ದರೆ ಬಿರುದು ಉಳಿಯುತ್ತಿತ್ತು. ಅವನು ನಡುದಾರಿ ಹಿಡಿದ. “ಅದು ಸರಿಯಾಗಿ ತೊಳೆದಿಲ್ಲ, ಕೊಡಿ” ಎಂದ.

ಅಕ್ಕ ಹೌಹಾರಿದಳು. “ನೀನು ತೊಳೆದಿದ್ದರಲ್ಲಿ ಕೊಳೆಯಾ? ಜ್ವರ ಗಿರ ಬಂದಿದೆಯೇನೋ?”

“ಓಡೋ ಇಂಜಿನ್ನಿಗೆ ಇಷ್ಟು ಸಾಕಯ್ಯ” ಎಂದು ಮೇಸ್ತ್ರಿ ಬೋಲ್ಟಿಗೆ ಕೈ ಹಾಕಿದ. ಅಕ್ಕ ಆಗಲೇ ನಾಳೆ ಯಾರನ್ನು ಎಲ್ಲಿ ಹತ್ತಿಸಿಕೊಳ್ಳಬೇಕೆಂದು ಹೇಳುತ್ತಿದ್ದಳು. ಮುಂದಿನ ಸೀಟಿಗೆ ಒಬ್ಬಳು ಬಸುರಿ ಬರುವವಳಿದ್ದಳಂತೆ. ಗುಡ್ಡದ ತಿರುವಿನಲ್ಲಿ ವ್ಯಾನು ಗಕ್ಕನೆ ನಿಂತಂತೆ ಲಕಲಕನ ಕಣ್ಣಿಗೆ ಕಟ್ಟಿತು.

“ಅಕ್ಕಾ, ಬೇಡ! ಬೊಟ್ಟು ಒರೆಸಿಬಿಟ್ಟೆ. ಯಾವುದಕ್ಕೆ ಯಾವುದು ಅಂತ ನನಗೆ ಗೊತ್ತಿಲ್ಲ.”

ಮೇಸ್ತ್ರಿ ಕನ್ನಡಕವನ್ನು ಕಣ್ಣಿಗೆ ಇಳಿಸಿ ಕ್ಯಾಪು ನೋಡಿದ, ಆಮೇಲೆ ಲಕಲಕನನ್ನು ನೋಡಿದ. ಬೈಗುಳಕ್ಕೆ ಬಾಯಿ ತೆರೆದನಾದರೂ ಆ ಕೆಲಸವನ್ನು ಅಕ್ಕ ಆಗಲೇ ವಹಿಸಿಕೊಂಡಿದ್ದಳು. “ನಿನ್ನ ಶುದ್ಧಿಗೆ ಬೆಂಕಿ ಹಾಕ! ಚಿಕ್ಕವನಿದ್ದಾಗ ನನ್ನ ಪಾಟಿ ಮೇಲಿನ ಲೆಕ್ಕ ಒರೆಸಿ ಹಾಕಿದ್ದೆ, ಈಗ ಪ್ರಾಣಾನೇ ಒರೆಸಿ ಹಾಕ್ತಿದ್ದೆಯಲ್ಲೋ!”

ಮೇಸ್ತ್ರಿ ಒಂದು ರಾಡಿಗೆ ಒಂದು ಕ್ಯಾಪು ಕೂಡಿಸಿ, ಬಿಗಿದು, ಸೇರಿದ ಗೆರೆಯ ಮೇಲೆ ಉಗುರು ಎಳೆದ. ಉಗುರು ತಡೆಯಿತು, ಅಂದರೆ ಜೋಡಿ ತಪ್ಪು. ಬಿಚ್ಚಿ ಇನ್ನೊಂದನ್ನು ಕೂಡಿಸಿದ. ಉಗುರು ಜಾರುವ ತನಕ ಬಿಚ್ಚುವುದು, ಬಿಗಿಯುವುದು. ಸಂಜೆಯಾಗುವಷ್ಟರಲ್ಲಿ ನಾಲ್ಕು ಜೋಡಿಯೂ ಕೂಡಿದವು.

ಆಮೇಲೆ ಅವನು ಲಕಲಕನ ಕೈಗೆ ಸುತ್ತಿಗೆ, ಕಬ್ಬಿಣಕ್ಕೆ ಗುಳಿ ಹೊಡೆಯುವ ಚೂಪು ಪಂಚು ಕೊಟ್ಟ. “ಬಣ್ಣದ ಸಹವಾಸ ಸಾಕು. ರಾಡಿಗೂ ಕ್ಯಾಪಿಗೂ ನೀನೇ ಚುಕ್ಕೆ ಹೊಡಿ.”

ಆ ಹೊಳಪಿನ ಮೇಲೆ, ಆ ನುಣುಪಿನ ಮೇಲೆ ತಾನೇ ಗಾಯ ಮಾಡುವುದು! ಲಕಲಕ ಕಣ್ಣು ಮುಚ್ಚಿ ಸುತ್ತಿಗೆ ಎತ್ತಿದ.

“ಕಣ್ಣು ಬಿಡೋ ಪುಣ್ಯಾತ್ಮ, ಅದು ನನ್ನ ಇಂಜಿನ್ನು!” ಎಂದಳು ಅಕ್ಕ.

ಕಣ್ಣು ಬಿಟ್ಟು ಹೊಡೆದ. ಠಣ್. ಒಂದೊಂದು ಏಟಿಗೂ ಮುಖ ಕಿವುಚಿಕೊಂಡು ಕೊನೆಯ ಕ್ಯಾಪಿನವರೆಗೂ ಹೊಡೆದು ಮುಗಿಸಿದ. ಚುಕ್ಕೆಯ ಅಂಚಿನಲ್ಲಿ ಕೂತ ಸಣ್ಣ ಧೂಳಿನತ್ತ ಅವನ ಕೈ ತಾನಾಗಿ ಬಟ್ಟೆ ಸಮೇತ ಹೊರಟಿತು. ಅಕ್ಕ ಆ ಬಟ್ಟೆಯನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ತುರುಕಿ, ಇಂಜಿನ್ನು ಪೂರ್ತಿ ಕೂರುವ ತನಕ ಚೀಲದ ಮೇಲೆಯೇ ಕೂತಳು.